ಎಡದ ಹಿಸ್ಸೆ, ಬಲದ ಹಿಸ್ಸೆ

ಕಳೆದ ಬೇಸಿಗೆಯಲ್ಲಿ ಕುಮಟಾದ ಆಚೆ ಒಂದು ಗದ್ದೆಯ ನಟ್ಟನಡುವೆ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ನಗುವ ಜಾಗವಾಗಿರಲಿಲ್ಲ ಅದು. ನಾನು ಸರ್ವೆಯರು. ಹೊನ್ನಾವರದಲ್ಲಿ ಮನೆ ಮಾಡಿಕೊಂಡು ಭಟ್ಕಳದಿಂದ ಕುಮಟಾದವರೆಗೆ ಜಮೀನು ಅಳೆಯುತ್ತ ತಿರುಗುವವಳು. ಅಣ್ಣತಮ್ಮಂದಿರು ಒಟ್ಟಿಗಿರುವಾಗ ನನ್ನ ನೆನಪು ಯಾರಿಗೂ ಆಗುವುದಿಲ್ಲ. ಬೇರೆಯಾಗುವಾಗ ಮಾತ್ರ ಫೋನ್ ಬರುತ್ತದೆ. ಅವತ್ತೂ ಹಾಗೇ, ಇಬ್ಬರು ಮುಖ ಊದಿಸಿಕೊಂಡು ಗದ್ದೆಯ ಎರಡು ತುದಿಯಲ್ಲಿ ನಿಂತಿದ್ದರು. ಕಿತ್ತ ನೀರುಳ್ಳಿಯನ್ನು ಬಿಸಿಲಿಗೆ ಹರವಿ ಹಾಕಿದ್ದರು. ನಮ್ಮ ಕಡೆಯ ಸಿಹಿ ನೀರುಳ್ಳಿ, ಹೆದ್ದಾರಿಯ ಬದಿಗೆ ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುತ್ತಾರಲ್ಲ, ಅದೇ. ಬಾಡುತ್ತಿರುವ ಅದರ ಎಲೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆಗ ದೊಡ್ಡವನು ಕೈ ಚಾಚಿ ಹೇಳಿದ, “ಬಾವಿ ಇದ್ದ ಬಲದ ಹಿಸ್ಸೆ ನಂದು. ಎಡದ ಹಿಸ್ಸೆ ಬೇಕಾರೆ ಅವ ಇಟ್ಕಳ್ಲಿ.”

ಆ ವಾಸನೆಯ ಜೊತೆ ಆ ಮಾತು ಬಂದದ್ದೇ ಬಂದದ್ದು, ನಗು ತಡೆಯಲಾಗಲಿಲ್ಲ.

“ಎಂತಕ್ಕೆ ನಗ್ತೀರಿ ಮೇಡಮ್ಮೋರೆ?” ಎಂದ ಅವನು, ಸ್ವಲ್ಪ ಸಿಟ್ಟಿನಿಂದಲೇ. ಎಂತಿಲ್ಲ, ಕೆಮ್ಮು ಎಂದು ಸೆರಗು ಬಾಯಿಗೆ ಇಟ್ಟುಕೊಂಡೆ. ಇನ್ನೇನು ಹೇಳಲಿ? ವರ್ಷಗಳ ಹಿಂದೆ ಇಂಥದ್ದೇ ನೀರುಳ್ಳಿ ಸುಗ್ಗಿಯಲ್ಲಿ ನಾನೇ ಹಿಸ್ಸೆಯಾದ ಜಮೀನಾಗಿದ್ದೆ, ನನ್ನ ಎಡವೂ ಬಲವೂ ಇಬ್ಬರು ವಾರಸುದಾರರಿಗೆ ಹಂಚಿಹೋಗಿತ್ತು ಎಂದು ಪರ ಗಂಡಸರಿಗೆ ಹೇಳಲು ಬರುತ್ತದೆಯೇ?

ಆ ವರ್ಷ ನನಗೆ ಅವಳಿಗಳು ಹುಟ್ಟಿದ್ದವು. ದಿನ ತುಂಬುವ ಮೊದಲೇ ಅವಸರ ಮಾಡಿ ಬಂದವು. ಗಂಡು ಮೊದಲು ಬಂತು, ಬಂದದ್ದೇ ಆಸ್ಪತ್ರೆ ಹಾರಿಹೋಗುವಂತೆ ಕೂಗಿತು. ಹಿಂದೆಯೇ ಹೆಣ್ಣು ಬಂತು, ಅಣ್ಣನ ಮುಕ್ಕಾಲು ಪಾಲಿನಷ್ಟೂ ಇಲ್ಲ. ಕೂಗಿತೋ ಇಲ್ಲವೋ ಎಂದು ನರ್ಸು ಬಗ್ಗಿ ಕಿವಿಗೊಡಬೇಕಾಯಿತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಮಾವಳ್ಳಿಯಲ್ಲಿದ್ದ ನನ್ನ ಹೆತ್ತ ಆಯಿಗೆ ಆಗಷ್ಟೇ ಮೊಣಕಾಲಿನ ಆಪರೇಶನ್ ಆಗಿತ್ತು, ಅವಳನ್ನೇ ಒಬ್ಬರು ಎತ್ತಿ ಕೂರಿಸುವ ಸ್ಥಿತಿ. ಹಾಗಾಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ಮಿರ್ಜಾನದ ಗಂಡನ ಮನೆಗೇ ಬಂದೆ. ರಿಕ್ಷಾ ಇಳಿಯುವಾಗ ಅಂಗಳದ ತುಂಬ ನೀರುಳ್ಳಿ. ಕಾಲಿಡಲು ಜಾಗ ಸಾಲದೆ ನನ್ನ ಗಂಡ ರಮೇಶ ಎರಡೂ ಕೈಯಲ್ಲಿ ಎರಡು ಪೊಟ್ಟಣ ಹಿಡಿದವನ ಹಾಗೆ ಮಕ್ಕಳನ್ನು ಹಿಡಿದು ದಾಟಿದ.

ಅತ್ತೆ ಬಾಗಿಲಲ್ಲೇ ಇಬ್ಬರ ಮುಖವನ್ನೂ ಬೆಳಕಿಗೆ ಹಿಡಿದು ನೋಡಿದರು. ನಮ್ಮ ಅತ್ತೆ ನೋಡಲು ಕುಳ್ಳು, ಗಂಟಲು ಮಾತ್ರ ಹೊಳೆಯ ಆಚೆ ದಡಕ್ಕೆ ಕೇಳುವಂಥದ್ದು. ಅವರ ತವರಿನಲ್ಲಿ ಒಂದು ಬಾವಿಯ ಸಲುವಾಗಿ ಅಣ್ಣತಮ್ಮಂದಿರು ಜಗಳಾಡಿ ಮಾತು ಬಿಟ್ಟವರು, ಮದುವೆ ಮನೆಯಲ್ಲೂ ಬೆನ್ನು ತಿರುಗಿಸಿ ಕೂರುತ್ತಾರೆ. ಆ ಜಗಳದಲ್ಲಿ ಹೆಣ್ಣುಮಕ್ಕಳಿಗೆ ಬಾವಿಯ ಹನಿ ನೀರೂ ಬರಲಿಲ್ಲ ಎನ್ನುವ ಸಂಕಟ ಅತ್ತೆಗೆ ಇವತ್ತಿಗೂ ಆರಿಲ್ಲ. ಅವಳಿಗಳನ್ನು ಕಂಡದ್ದೇ ಅವರಿಗೆ ಅದೇ ನೆನಪಾಯಿತು.

“ಹೊಟ್ಟೇಲಿ ಇದ್ದಾಗ್ಲೇ ತಂಗಿ ಪಾಲು ಪೂರಾ ತಿಂದವ ಇವ. ಮುಖ ಕಂಡ್ರೆ ತಿಳೀತದೆ” ಎಂದು ಗಂಡಿನ ಗಲ್ಲ ಹಿಂಡಿದರು. “ಇನ್ನು ಬಿಟ್ರೆ ಎಡ ಬಲ ಎರಡೂ ಇವಂದೇ ಆತದೆ. ಬಲದ್ದು ಇವಂಗೆ, ಎಡದ್ದು ಅವಳಿಗೆ. ಈಗ್ಲೇ ಹಿಸ್ಸೆ ಮಾಡಿ ಇಟ್ರೆ ನಾಳೆ ತಕರಾರಿಲ್ಲ, ಆತಾ ಸುಮಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಕಚೇರಿಯ ಭಾಷೆ ನನ್ನ ಮೈಮೇಲೇ ಬಂತಲ್ಲ ಎಂದು ತಮಾಷೆ ಅನಿಸಿತು. ಆದರೆ ಅತ್ತೆ ತಮಾಷೆ ಮಾಡಿರಲಿಲ್ಲ. ಸಂಜೆಯಾಗುವುದರೊಳಗೆ ಅದು ಮನೆಯ ಕಾಯಿದೆಯಾಯಿತು. ಹೆಸರಿಡುವ ತನಕ ಮಕ್ಕಳಿಗೆ ದೊಡ್ಡದು, ಸಣ್ಣದು ಎಂದೇ ಕರೆದದ್ದು. ದೊಡ್ಡದು ಬಲ, ಸಣ್ಣದು ಎಡ. ನಿಜ ಹೇಳಬೇಕೆಂದರೆ ನನಗೂ ಅದು ಅನುಕೂಲವೇ ಕಂಡಿತು. ಅರೆನಿದ್ದೆಯಲ್ಲಿ ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ ಎಂಬ ಗೊಂದಲವಿಲ್ಲ. ಗಡಿ ಸ್ಪಷ್ಟವಾಗಿತ್ತು.

ಒಂದು ಮಗುವಿಗೆ ಹಾಲು ಕುಡಿಸುವುದನ್ನು ನೋಡಿದವರು ಎರಡು ಮಕ್ಕಳದ್ದು ಅದರ ಇಮ್ಮಡಿ ಎಂದುಕೊಳ್ಳುತ್ತಾರೆ. ಹಾಗಲ್ಲ ಅದು. ದೊಡ್ಡದು ಬಾಯಿ ಹಾಕಿದರೆ ಹಿಡಿತ ಬಿಡುತ್ತಿರಲಿಲ್ಲ, ಕುಡಿದು ಮುಗಿಸಿ ಅಮಲೇರಿದವನ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ಮಲಗುತ್ತಿತ್ತು. ಸಣ್ಣದರ ಕಥೆ ಬೇರೆ. ಅದರ ಬಾಯಿ ಅಗಲವಾಗುವ ತನಕ ಕಾಯಬೇಕು, ತುಟಿಗೆ ತಾಗಿಸಿ ಆಸೆ ಹುಟ್ಟಿಸಬೇಕು, ಬಾಯಿ ತೆರೆದ ಗಳಿಗೆ ನೋಡಿ ಎದೆಗೆ ಒತ್ತಿಕೊಳ್ಳಬೇಕು. ನಾಲ್ಕು ಸಲ ಚೀಪಿ ಅಲ್ಲೇ ನಿದ್ದೆ. ಅಂಗಾಲು ಕೆರೆದರೆ, ಕಿವಿಯ ಹಿಂದೆ ಒದ್ದೆ ಬಟ್ಟೆ ಮುಟ್ಟಿಸಿದರೆ ಮತ್ತೆ ನಾಲ್ಕು ಸಲ. ಅಷ್ಟರಲ್ಲಿ ದೊಡ್ಡದಕ್ಕೆ ಮತ್ತೆ ಹಸಿವು. ಉಳಿದ ಹಾಲನ್ನು ಕೈಯಲ್ಲಿ ಹಿಂಡಿ, ಮೂತಿ ಇರುವ ಪುಟ್ಟ ಒಳಲೆಯಲ್ಲಿ ಸಣ್ಣದರ ಬಾಯಿಗೆ ಹನಿ ಹನಿ ಬಿಡುತ್ತಿದ್ದೆ. ಹೊರಗೆ ಮನೆಯವರೆಲ್ಲ ನೀರುಳ್ಳಿ ಗೊಂಚಲು ಕಟ್ಟುವ ಗಡಿಬಿಡಿಯಲ್ಲಿದ್ದರೆ ಒಳಗೆ ನನಗೂ ಬಿಡುವಿಲ್ಲದ ಸುಗ್ಗಿ. ಒಂದನ್ನು ಇಳಿಸಿದರೆ ಇನ್ನೊಂದನ್ನು ಎತ್ತಬೇಕು, ನಡುವೆ ನನ್ನ ಗಂಜಿ ಆರಿ ಕೆನೆ ಕಟ್ಟುತ್ತಿತ್ತು.

ದಿನ ಕಳೆದಂತೆ ನನ್ನ ಮೈಯೇ ವಾಲಿತು. ಬಲದ ಕಡೆ ತುಂಬಿ ಬಿರಿದು, ರವಿಕೆ ತೊಯ್ದು, ಮುಟ್ಟಿದರೆ ನೋವು. ಎಡದ ಕಡೆ ಸಡಿಲ. ಒಳಲೆಯ ತಳ ಮುಚ್ಚುವಷ್ಟು ಹಾಲು ಹಿಂಡುವುದೂ ಕಷ್ಟವಾಯಿತು. ರಮೇಶ ತದಡಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ಏನು ಕೆಟ್ಟರೂ ಅವನಿಗೆ ಎಂಜಿನ್ನೇ ಕಾಣುವುದು. “ಪಂಪಿಗೆ ಗಾಳಿ ಹಿಡ್ದದೆ ಕಾಣ್ತದೆ” ಎಂದ. ಬಾಣಂತಿಗೆ ಹಾಲು ಬರಲಿ ಎಂದು ಬಂದರಿನಿಂದ ಮರಿ ಸೊರ ಮೀನು ತಂದ. ಅತ್ತೆ ಅದಕ್ಕೆ ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಸಾರು ಮಾಡಿದರು. ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಯಾರು ಏನು ಹೇಳಿದರೋ ಅದೆಲ್ಲ ನನ್ನ ಹೊಟ್ಟೆಗೆ ಬಂತು. ತಿಂದದ್ದೆಲ್ಲ ಬಲಕ್ಕೇ ಹೋಯಿತು. ಎಡ ಹಾಗೇ ಇತ್ತು.

ಕುಮಟಾದ ಡಾಕ್ಟರಮ್ಮ ಸಣ್ಣದನ್ನು ತೂಗಿ ಮುಖ ಸಣ್ಣ ಮಾಡಿದರು. ಅಣ್ಣ ದಿನದಿನಕ್ಕೆ ಮೈ ತುಂಬಿಕೊಳ್ಳುತ್ತಿದ್ದರೆ ಇವಳು ಹುಟ್ಟಿದ ತೂಕದ ಹತ್ತಿರವೇ ಕುಂತಿದ್ದಳು. “ಹೆದರಬೇಡಿ. ಪದೇ ಪದೇ ಕುಡಿಸಿ. ಮುಂದಿನ ತೂಕಕ್ಕೆ ಎರಡು ಕೆಜಿಯ ಗೆರೆ ದಾಟಲಿಲ್ಲ ಅಂದರೆ ಡಬ್ಬಿ ಹಾಲು ಸೇರಿಸೋಣ” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಹಿಸ್ಸೆಯ ಸುದ್ದಿಯನ್ನು ಮಾತ್ರ ಅವರಿಗೆ ನಾವು ಹೇಳಲಿಲ್ಲ. ಅದು ಡಾಕ್ಟರಿಗೆ ಹೇಳುವಂಥ ವಿಷಯ ಅಂತಲೇ ಯಾರಿಗೂ ಹೊಳೆಯಲಿಲ್ಲ.

ಡಾಕ್ಟರಮ್ಮನ ಮಾತು ಮಾವಳ್ಳಿಗೆ ಮುಟ್ಟಿದ್ದೇ ಆಯಿ ಕೋಲೂರಿಕೊಂಡು ಬಂದಿಳಿದಳು. ಒಂದು ಕೈಯಲ್ಲಿ ಚೀಲ, ಹಿಂದೆ ರಿಕ್ಷಾದವನ ಕೈಯಲ್ಲಿ ಹಳೆ ಸೀರೆ ಮಡಿಸಿ ಹಾಸಿದ ದೊಡ್ಡ ಬೆತ್ತದ ಬುಟ್ಟಿ. ಬುಟ್ಟಿ ಯಾತಕ್ಕೆ ಎಂದು ಕೇಳುವ ಮೊದಲೇ ಅವಳೇ ಹೇಳಿದಳು, “ಸಣ್ಣದನ್ನ ನಾ ಕರ್ಕಂಡು ಹೋಗ್ತೆ. ಡಬ್ಬಿ ಹಾಲು ಕುಡಿಸಿ ಸಾಕ್ತೆ. ಮಳೆಗಾಲ ಮುಗೀಲಿ, ಗಟ್ಟಿಯಾಗ್ಲಿ, ತಂದು ಬಿಡ್ತೆ. ನೀ ಒಬ್ಳೇ ಇಬ್ರನ್ನ ಹ್ಯಾಂಗೆ ಸುಧಾರಿಸ್ತೀಯೆ? ನಿನ್ನ ಮುಖ ಕಂಡ್ಯಾ ಕನ್ನಡೀಲಿ?”

ಅತ್ತೆ ಎದುರಾಡುತ್ತಾರೆ ಎಂದುಕೊಂಡೆ. ಅವರು ನೆಲ ನೋಡಿದರು. ರಮೇಶ, “ಮಳೆ ಮುಗಿಯೋ ತನಕ ಅಷ್ಟೇ ಅಲ್ವಾ” ಎಂದ. ಅವನ ದನಿಯಲ್ಲಿ ಜೀವವಿರಲಿಲ್ಲ.

ನನಗೆ ಡಬ್ಬಿ ಹಾಲಿನ ಭಯವಿರಲಿಲ್ಲ. ಬೇಕಾದರೆ ಅದನ್ನೂ ಕುಡಿಸಲು ತಯಾರಿದ್ದೆ, ಎಷ್ಟೋ ಮಕ್ಕಳು ಅದರಲ್ಲೇ ಗಟ್ಟಿಯಾಗಿ ಬೆಳೆದಿವೆ. ನನಗೆ ಭಯ ಹುಟ್ಟಿಸಿದ್ದು ಆ ಬುಟ್ಟಿ. ನಮ್ಮೂರಲ್ಲಿ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಅವಳೂ ಅವಳಿಯಲ್ಲಿ ಒಬ್ಬಳು, ಮಳೆ ಮುಗಿಯುವ ತನಕ ಎಂದು ಅಜ್ಜಿಮನೆಗೆ ಬಂದವಳು. ಮಳೆಗಾಲಗಳು ಬಂದವು, ಹೋದವು, ಅವಳು ಅಲ್ಲೇ ಉಳಿದಳು. ಹೆತ್ತವಳು ಹಬ್ಬಕ್ಕೆ ಬಂದರೆ ಬಾಗಿಲ ಸಂದಿಯಲ್ಲಿ ನಿಂತು ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು. ಅಜ್ಜಿಯ ಪ್ರೀತಿಗೇನೂ ಕೊರತೆ ಇರಲಿಲ್ಲ ಅವಳಿಗೆ. ಆದರೂ ಆ ನೋಟ ನನಗೆ ಮರೆತಿಲ್ಲ. ಮೊದಲು ನನ್ನ ಎದೆ ಹಿಸ್ಸೆಯಾಯಿತು, ಈಗ ಮಕ್ಕಳನ್ನೇ ಹಿಸ್ಸೆ ಮಾಡುತ್ತಾರೆ ಎನಿಸಿತು.

“ಡಾಕ್ಟರು ಹೇಳಿದ ತೂಕ ಆಗ್ಲಿ ಆಯಿ, ಆಮೇಲೆ ಮಾತಾಡುವ” ಎಂದೆ. ಅವಳು ಆತು ಎಂದಳು. ಬುಟ್ಟಿಯನ್ನು ಮಾತ್ರ ನನ್ನ ಹಾಸಿಗೆಯ ಕಾಲ್ದೆಸೆಯಲ್ಲಿಟ್ಟಳು.

ಮರುದಿನವೋ ಅದರ ಮರುದಿನವೋ, ಮಧ್ಯಾಹ್ನದ ಹೊತ್ತಿಗೆ ನೀರುಳ್ಳಿಗೆ ಲಾರಿ ಬಂತು. ಮನೆಯವರೆಲ್ಲ ಹೆದ್ದಾರಿಯ ಬದಿಗೆ ಹೊರಲು ಹೋದರು. ಆಯಿ ಮಾತ್ರೆ ನುಂಗಿ ಹೊರಜಗುಲಿಯಲ್ಲಿ ಒರಗಿದ್ದಳು. ನಾನು ಸೆಕೆ ತಡೆಯಲಾರದೆ ಹಿತ್ತಿಲ ಚಪ್ಪರದಡಿ ಮಕ್ಕಳನ್ನು ಗೋಣಿಯ ಮೇಲೆ ಹಾಸಿ ಮಲಗಿಸಿ ಕೂತಿದ್ದೆ. ಒಮ್ಮೆಲೇ ಇಬ್ಬರೂ ಎದ್ದು ಕೂಗಿದರು. ದೊಡ್ಡದು ಕೂಗುವುದು ಯಾವತ್ತಿನ ಪಾಡು. ಸಣ್ಣದು ಅವತ್ತು ಮೊದಲ ಸಲ ಸಿಟ್ಟು ಮಾಡಿಕೊಂಡು ಕೂಗಿತು, ಮುಖ ಕೆಂಪಾಗಿ ಮುಷ್ಟಿ ಕಟ್ಟಿ. ಆ ಕೂಗು ಕೇಳಿ ನನಗೆ ಅಳು ಬಂತು, ಖುಷಿಯೂ ಆಯಿತು. ಎತ್ತಿ ಕೊಡುವವರು ಯಾರೂ ಇಲ್ಲ. ಒಂದನ್ನು ಕಾಯಿಸಿದರೆ ಅದು ಉಸಿರು ಕಟ್ಟುವ ಹಾಗೆ ಕೂಗುತ್ತದೆ. ಏನು ಮಾಡಲಿ ಎಂದು ಸುತ್ತ ನೋಡಿದೆ.

ಚಪ್ಪರದ ಮೂಲೆಯಲ್ಲಿ ಭತ್ತ ಬೇಯಿಸುವ ಹಂಡೆ ಕವುಚಿ ಹಾಕಿತ್ತು, ಪಕ್ಕದಲ್ಲಿ ಅದರ ಸಿಂಬೆ. ತಲೆಯ ಮೇಲೆ ಕೊಡ ಇಟ್ಟುಕೊಳ್ಳಲು ಬಟ್ಟೆ ಸುತ್ತಿ ಮಾಡುವ ಸಿಂಬೆಯಲ್ಲ, ಹಂಡೆ ಉರುಳದಂತೆ ಅಡಿಗೆ ಇಡುವ ಹುಲ್ಲಿನ ದೊಡ್ಡ ಸಿಂಬೆ, ಒಬ್ಬರು ಒಳಗೆ ಕೂರುವಷ್ಟು ಅಗಲ, ಗೇಣಿಗಿಂತ ಹೆಚ್ಚು ಎತ್ತರ. ಅದನ್ನು ಎಳೆದು, ಮೇಲೆ ಸೆರಗು ಹಾಸಿ, ನಡುವೆ ನಾನೇ ಕೂತೆ. ಹಂಡೆ ಕೂತ ಹಾಗೆಯೇ ಕೂತೆ ಎನ್ನಿ, ಆಗಿನ ನನ್ನ ಮೈಯೂ ಹಾಗೇ ಇತ್ತು. ಕೊಡವನ್ನು ಸೊಂಟಕ್ಕೆ ಅವುಚಿಕೊಳ್ಳುವ ಹಾಗೆ ಒಂದನ್ನು ಈ ಕಂಕುಳಡಿಗೆ, ಇನ್ನೊಂದನ್ನು ಆ ಕಂಕುಳಡಿಗೆ. ಕಾಲು ಹಿಂದಕ್ಕೆ, ತಲೆ ನನ್ನ ಅಂಗೈಯಲ್ಲಿ. ಸಿಂಬೆಯ ಮೇಲೆ ಇಬ್ಬರೂ ಸರಿಯಾಗಿ ಎದೆಯ ಮಟ್ಟಕ್ಕೆ ಬಂದರು. ನನ್ನ ಬೆನ್ನು ಬಗ್ಗಲಿಲ್ಲ, ರಟ್ಟೆ ನೋಯಲಿಲ್ಲ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದುಕೊಳ್ಳುವಾಗ ಇನ್ನೊಂದು ಕಂಡಿತು. ಗಡಿಬಿಡಿಯಲ್ಲಿ ದೊಡ್ಡದು ಎಡಕ್ಕೆ ಹೋಗಿದೆ, ಸಣ್ಣದು ಬಲಕ್ಕೆ.

ದೊಡ್ಡದು ಒಂದು ಗುಕ್ಕು ಎಳೆದು, ತನ್ನ ಜಮೀನಲ್ಲ ಇದು ಎಂದು ತಿಳಿದು ಚೀರಿತು. ಬಿಡಿಸಿ ಬದಲಾಯಿಸಲು ನನಗೆ ಮೂರನೇ ಕೈ ಇರಲಿಲ್ಲ. ಚೀರಿ ಸಾಕಾಗಿ ಮತ್ತೆ ಬಾಯಿ ಹಾಕಿತು, ಈ ಸಲ ಸಿಟ್ಟಿನಲ್ಲಿ, ಕಿತ್ತು ಹಾಕುವ ಹಾಗೆ. ಎಳೆಯಿತು, ಎಳೆಯಿತು. ಆಮೇಲೆ ಒಮ್ಮೆಲೇ ಎರಡೂ ಎದೆಯೊಳಗೆ ಜುಂ ಎಂದಿತು. ಹಾಲು ಇಳಿಯುವಾಗ ಹಾಗಾಗುತ್ತದೆ, ಹೆತ್ತವರಿಗೆ ಗೊತ್ತು. ಇವನು ಎಡಕ್ಕೆ ಎಳೆದದ್ದಕ್ಕೆ ಬಲಕ್ಕೂ ಇಳಿಯಿತು. ಬಲ ಮೊದಲೇ ತುಂಬಿ ನಿಂತಿದ್ದ ಬದಿ. ಸಣ್ಣದರ ಬಾಯಿಗೆ ತಾನಾಗಿಯೇ ಧಾರೆ ಸುರಿಯಿತು. ಅದು ಕಣ್ಣು ದೊಡ್ಡದು ಮಾಡಿತು. ಕೆಮ್ಮಿತು. ಆಮೇಲೆ ಕೇಳಿಸಿತು ನನಗೆ, ಗುಟುಕ್. ಮತ್ತೊಂದು ಗುಟುಕ್. ಅಷ್ಟು ದಿನ ಅವಳು ಬರೀ ಚೀಪಿದ್ದಳು, ನುಂಗುವ ಸದ್ದು ನಾನು ಕೇಳಿರಲೇ ಇಲ್ಲ. ಚಪ್ಪರದಡಿ ಒಬ್ಬಳೇ ಕೂತು ಆ ಸದ್ದು ಕೇಳುತ್ತ ನಾನು ಹುಚ್ಚಿಯ ಹಾಗೆ ನಕ್ಕೆ.

ಲಾರಿ ಕಳಿಸಿ ಬಂದ ಅತ್ತೆ ಹಿತ್ತಿಲ ಬಾಗಿಲಲ್ಲಿ ಗಕ್ಕನೆ ನಿಂತರು.

“ಅಯ್ಯೋ ದೇವ್ರೇ, ಅದಲುಬದಲು ಆಗ್ಯದಲ್ಲೇ ಸುಮಾ! ತಂಗಿ ಎಡದ್ದನ್ನೂ ಇವ ತಿಂತಾ ಇದ್ದ!”

“ತಿನ್ಲಿ ಅತ್ತೆ. ಇಲ್ಲಿ ಬನ್ನಿ, ಕಿವಿ ಕೊಡಿ.”

ಅವರು ಗೊಣಗುತ್ತಲೇ ಬಗ್ಗಿ ಸಣ್ಣದರ ಗಲ್ಲದ ಹತ್ತಿರ ಕಿವಿಯಿಟ್ಟರು. ಗುಟುಕ್. ಅತ್ತೆಯ ಬಾಯಿ ಹಾಗೇ ತೆರೆದುಕೊಂಡಿತು. ಆದರೂ ಹಿಸ್ಸೆಯನ್ನು ಬಿಡಲು ಅವರಿಗೆ ಮನಸ್ಸಿಲ್ಲ. “ಇವತ್ತು ಕುಡೀತು ಮಗಾ. ನಾಳೆ ಇವ ಎರಡೂ ಬದಿ ರೂಢಿ ಮಾಡ್ಕಂಡ ಅಂದ್ರೆ ಅವಳಿಗೆಂತ ಉಳೀತದೆ?”

ಆಗ ನಾನು ನನ್ನ ಕಸುಬಿನ ಮಾತಲ್ಲೇ ಹೇಳಿದೆ. “ಅತ್ತೆ, ಶಕ್ತಿ ಇಲ್ಲದವಳ ಪಾಲಿಗೆ ಜಮೀನು ಕೊಟ್ಟು ನೀನೇ ಉಳು ಅಂದ್ರೆ ಎಂತ ಆತದೆ? ಬೀಳು ಬೀಳ್ತದೆ. ಎಡದ್ದು ಬೀಳು ಬಿದ್ದದೆ. ಅವ ಉಳಲಿ, ಇವಳು ಉಣ್ಲಿ. ಹೊತ್ತು ಹೊತ್ತಿಗೆ ಬದಲು. ನಿಮ್ಮ ಹಿಸ್ಸೆ ನಾನು ರದ್ದು ಮಾಡ್ದೆ.”

ಅತ್ತೆ ಸಿಂಬೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸಣ್ಣದರ ಅಂಗಾಲು ಸವರಿದರು. “ಬಾವಿಯೂ ಹಾಂಗೇ ಆತು. ಜಗಳ ಮಾಡಿ ಯಾರೂ ನೀರು ಸೇದದೇ ಈಗ ಹೂಳು ತುಂಬ್ಯದೆ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಎದ್ದು ಹೋದರು. ಸಂಜೆ ಆಶಾ ಕಾರ್ಯಕರ್ತೆ ಶಾಲಿನಿ ಬಂದಾಗ ಹಿಸ್ಸೆಯ ಕಥೆಯನ್ನು ಮೊದಲ ಸಲ ಹೊರಗಿನವರಿಗೆ ಹೇಳಿದೆವು. ಅವಳು ಹಣೆ ಚಚ್ಚಿಕೊಂಡು ನಕ್ಕಳು. “ಇದನ್ನ ಡಾಕ್ಟರ ಹತ್ರ ಮೊದ್ಲೇ ಹೇಳೋದಲ್ವಾ ಸುಮಕ್ಕ! ಎಷ್ಟು ಎಳೀತಾರೋ ಅಷ್ಟು ಕೂಡ್ತದೆ ಹಾಲು. ಗಟ್ಟಿ ಇದ್ದವ ಎರಡೂ ಬದಿ ಎಳೀಲಿ, ಎರಡೂ ಬದಿ ತುಂಬ್ತದೆ. ಕುಡಿದಾದ ಮೇಲೆ ಸಣ್ಣದಕ್ಕೆ ಒಳಲೇಲಿ ಕೊಡೂದು ಬಿಡಬೇಡಿ. ನೀರು ಕುಡೀತ್ರಾ ಸರಿಯಾಗಿ?” ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಶಿಶುವಿಗೆ ಥಂಡಿಯಾಗುತ್ತದೆ ಎಂದು ನನಗೆ ಲೋಟದಲ್ಲಿ ಅಳೆದು ಕೊಡುತ್ತಿದ್ದ ಅತ್ತೆ ಅವತ್ತು ತಾಮ್ರದ ಚೆಂಬನ್ನೇ ತುಂಬಿ ತಂದಿಟ್ಟರು.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಹಂಡೆಯ ಸಿಂಬೆ ಚುಚ್ಚುತ್ತದೆ ಎಂದು ಅತ್ತೆ ಕಣದಿಂದ ಮೆತ್ತನೆ ಹುಲ್ಲು ಆರಿಸಿ ತಂದು ಹೊಸ ಸಿಂಬೆ ಕಟ್ಟಿದರು. ಪೂರ್ತಿ ಸುತ್ತದೆ, ಮುಂದೆ ಹೊಟ್ಟೆಗೆ ಆನಿಸಿ ಹಿಂದೆ ಬೆನ್ನಿನ ಹತ್ತಿರ ಬಾಯಿ ಬಿಟ್ಟ ಸಿಂಬೆ, ಕೂತ ಮೇಲೆ ಸೊಂಟಕ್ಕೆ ತೊಡಿಸಬಹುದು. ಮೇಲೆ ತಮ್ಮ ಮದುವೆಯ ಕಾಲದ ನೂಲಿನ ಸೀರೆಯನ್ನು ಸುತ್ತಿ ಹೊಲಿದರು. ಯಾರು ಯಾವ ಬದಿ ಎಂದು ಮರೆಯದಿರಲು ನನ್ನ ಕೈಗೆ ಒಂದೇ ಒಂದು ಕೆಂಪು ಬಳೆ. ಬಳೆ ಇದ್ದ ಬದಿಗೆ ಸಣ್ಣದು. ಕುಡಿಸಿ ಮುಗಿದದ್ದೇ ಬಳೆ ಇನ್ನೊಂದು ಕೈಗೆ. ಮೊದಲು ಸಣ್ಣದನ್ನು ಹಿಡಿಸಿ ಸರಿಮಾಡಿಕೊಳ್ಳಬೇಕು, ಆಮೇಲೆ ದೊಡ್ಡದನ್ನು ಯಾರಾದರೂ ತಂದು ಇನ್ನೊಂದು ಕಂಕುಳಿಗೆ ಇಡಬೇಕು. ಅವನಿಗೆ ಯಾರ ಸಹಾಯವೂ ಬೇಡ, ಮೂಗು ತಾಗಿದರೆ ಸಾಕು. ಎಡದ ಬದಿ ಒಂದೆರಡು ದಿನ ಸತಾಯಿಸಿತು. ಆಮೇಲೆ ಒಂದು ಬೆಳಿಗ್ಗೆ ಎದ್ದರೆ ರವಿಕೆಯ ಎರಡೂ ಬದಿ ತೊಯ್ದಿತ್ತು. ರವಿಕೆ ತೊಯ್ದದ್ದಕ್ಕೆ ಅಷ್ಟು ಜಂಬಪಟ್ಟ ಹೆಂಗಸು ಕುಮಟಾ ತಾಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಇಬ್ಬರೂ ಒಟ್ಟಿಗೆ ಕುಡಿದರೆ ಇಬ್ಬರನ್ನೂ ಒಟ್ಟಿಗೆ ತೇಗಿಸಬೇಕು. ಅಲ್ಲಿ ಆಯಿಗೆ ಕೆಲಸ ಬಂತು. ಮಗುವನ್ನು ಒಯ್ಯಲು ಬಂದವಳು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು ಸಣ್ಣದನ್ನು ಭುಜಕ್ಕೆ ಹಾಕಿಕೊಂಡಳು, ಎದುರು ಗೋಡೆಗೆ ಅತ್ತೆ ದೊಡ್ಡದನ್ನು. ಯಾರ ಮಗು ಮೊದಲು ತೇಗುತ್ತದೆ ಎಂದು ಬೀಗಿತ್ತಿಯರಲ್ಲಿ ಪೈಪೋಟಿ.

“ನಮ್ದು ಆತು!” ಎನ್ನುವಳು ಆಯಿ.

“ಅದು ತೇಗಲ್ಲ, ಬಿಕ್ಕಳಿಕೆ. ನಂಗೆ ಕೇಳ್ತದೆ.”

ರಮೇಶ ಬಂದರಿನಿಂದ ಬಂದವನೇ ಬಟ್ಟೆ ತೊಳೆಯುವ ಕಲ್ಲಿಗೆ ಹೋಗುತ್ತಿದ್ದ. ಗ್ರೀಸಿನ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡು ಮಕ್ಕಳ ಬಟ್ಟೆಯನ್ನೆಲ್ಲ ಒಗೆದು, ನೀರುಳ್ಳಿ ತೂಗುಹಾಕುವ ಬಿದಿರಿಗೇ ಹರವುತ್ತಿದ್ದ. ನನ್ನ ಮಕ್ಕಳು ಆ ಬೇಸಿಗೆ ಪೂರಾ ನೀರುಳ್ಳಿಯ ವಾಸನೆಯಲ್ಲೇ ಮಲಗಿದ್ದವು. ಎಲ್ಲ ಚೆಂದವೇ. ಆದರೂ ಆಯಿಯ ಬುಟ್ಟಿ ನನ್ನ ಕಾಲ್ದೆಸೆಯಲ್ಲಿ ಹಾಗೇ ಇತ್ತು. ಒಂದು ದಿನ ಅದರೊಳಗಿನ ಸೀರೆಯನ್ನು ಅವಳು ಬಿಸಿಲಿಗೆ ಹಾಕಿ ಮತ್ತೆ ಮಡಿಸಿ ಹಾಸುವುದನ್ನು ಕಂಡೆ. ಆಯಿ ಹಟ ಬಿಟ್ಟಿರಲಿಲ್ಲ. ತೂಕ ಆಗದಿದ್ದರೆ ಎನ್ನುವ ಯೋಚನೆ ನನ್ನನ್ನೂ ಬಿಟ್ಟಿರಲಿಲ್ಲ.

ತೂಕದ ದಿನ ಅಂಗನವಾಡಿಯ ತೊಲೆಗೆ ತೂಗು ತಕ್ಕಡಿ ಕಟ್ಟಿದ್ದರು, ಕೆಳಗೆ ಬಟ್ಟೆಯ ಜೋಲಿ. ಅಲ್ಲಿಯ ತೂಕವನ್ನು ಶಾಲಿನಿ ಡಾಕ್ಟರಮ್ಮನಿಗೆ ಫೋನಿನಲ್ಲಿ ತಿಳಿಸುವುದು ಎಂದು ಗೊತ್ತಾಗಿತ್ತು. ನಾವು ಮೆರವಣಿಗೆಯ ಹಾಗೆ ಹೋದೆವು, ಅತ್ತೆ, ಕೋಲೂರುವ ಆಯಿ, ರಜೆ ಹಾಕಿದ ರಮೇಶ, ನಾನು. ಕೇರಿಯ ಹೆಂಗಸರೂ ಸೇರಿದರು, ಹಿಸ್ಸೆಯ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ದೊಡ್ಡದನ್ನು ತೂಗಿದಾಗ ಯಾರೂ ನೋಡಲೂ ಇಲ್ಲ ಪಾಪ. ಸಣ್ಣದನ್ನು ನಾನೇ ಜೋಲಿಗೆ ಹಾಕಿದೆ. ಅತ್ತೆ ಕಣ್ಣು ಮುಚ್ಚಿಕೊಂಡರು. ಅವಳು ಕಾಲು ಝಾಡಿಸುತ್ತಿದ್ದಳು, ಮುಳ್ಳು ಒಂದು ಕಡೆ ನಿಲ್ಲದು. ಆಚೆ ಈಚೆ ಕುಣಿದು ಕುಣಿದು ಕೊನೆಗೆ ನಿಂತಿತು.

ಎರಡರ ಗೆರೆಯ ಮೇಲೆ ಅಲ್ಲ, ಗೆರೆ ದಾಟಿ, ಚೆನ್ನಾಗಿಯೇ ದಾಟಿ.

“ಹೋಯ್, ದಾಟ್ತು!” ಎಂದು ಮೊದಲು ಕೂಗಿದವಳು ಶಾಲಿನಿ. ಅತ್ತೆ ಕಣ್ಣು ತೆರೆದು, ಓದಲು ಬಾರದಿದ್ದರೂ ತಕ್ಕಡಿಯ ಹತ್ತಿರ ಹೋಗಿ ಮುಳ್ಳಿಗೆ ಕೈ ಮುಗಿದರು. ರಮೇಶ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ನಾನು ಅಳಲಿಲ್ಲ. ಗೆದ್ದೆ ಎಂದು ಅನಿಸಿತು, ಹಾಗೆಯೇ ಅನಿಸಿತು, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಫೋನಿನಲ್ಲಿ ಡಾಕ್ಟರಮ್ಮ, “ಡಬ್ಬಿ ಏನೂ ಬೇಡ, ಹೀಗೇ ನಡೀಲಿ” ಎಂದರಂತೆ. ವಾಪಸು ಬರುವಾಗ ಅತ್ತೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ನೀರುಳ್ಳಿ ಚೌಕಾಸಿ ಮಾಡುತ್ತಿದ್ದ ಅಪರಿಚಿತರಿಗೂ ನಿಂತು ಹೇಳಿದರು, “ನಮ್ಮ ಸೊಸೆ ಒಂದೇ ಸಲಕ್ಕೆ ಎರಡು ಮಕ್ಕಳಿಗೆ ಹಾಲು ಕುಡಿಸ್ತದೆ, ಗೊತ್ತಾ?” ಅವರು ಗೊಂಚಲು ಕೈಯಲ್ಲಿ ಹಿಡಿದು ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದರು. ಬೇರೆ ಯಾವತ್ತಾದರೂ ಆಗಿದ್ದರೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಅವತ್ತು ನಾನು ತಲೆ ಎತ್ತಿ ನಿಂತೆ.

ನಾಲ್ಕು ದಿನ ಬಿಟ್ಟು ಆಯಿ ಮಾವಳ್ಳಿಗೆ ಹೊರಟಳು. ಬುಟ್ಟಿ ಖಾಲಿ ಒಯ್ಯಬಾರದೆಂದು ಅತ್ತೆ ಅದರ ತುಂಬ ನೀರುಳ್ಳಿ ಗೊಂಚಲು ಹಾಕಿ, ಆ ಹಳೆ ಸೀರೆಯನ್ನೇ ಮೇಲಿಂದ ಹೊದೆಸಿದರು. ಬಸ್ಸಿನಲ್ಲಿ ಆಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದವಳು ಕಿಟಕಿಯಲ್ಲಿ ನನ್ನ ಕಡೆ ನೋಡಿ, “ಬಾಣಂತೀನ ಬಿಟ್ಟು ಶಿಶುನ ಒಯ್ತ್ರಾ ಅಮ್ಮ?” ಎಂದು ಕೇಳಿದಳು. ಆಯಿ ಸೀರೆ ಸರಿಸಿ ತೋರಿಸಿ, ಕೆಮ್ಮು ಬರುವ ತನಕ ನಕ್ಕಳು. ನಗುವಾಗಲೇ ಅವಳ ಕಣ್ಣು ತುಂಬಿತ್ತು. “ನಂಗೆ ನಿನ್ನ ಚಿಂತೆ ಆಗಿತ್ತು ಮಗಾ, ಮತ್ತೆಂತಲ್ಲ” ಎಂದಳು. ಬಸ್ಸು ಹೊರಟಿತು.

ಕಳೆದ ಬೇಸಿಗೆಯ ಆ ಗದ್ದೆಯ ಕೆಲಸವನ್ನು ನಾನು ಮುಗಿಸಿಯೇ ಕೊಟ್ಟೆ, ಕಲ್ಲು ನೆಡಿಸಿದೆ, ಬಾವಿ ಇಬ್ಬರಿಗೂ ಸೇರುವ ಹಾಗೆ ನಡುವೆ ದಾರಿ ಬಿಡಿಸಲು ಸಾಕಷ್ಟು ಗಂಟಲು ಹರಿದುಕೊಂಡೆ. ಸಂಜೆ ಸೀದಾ ಮಿರ್ಜಾನಕ್ಕೆ ಹೋದೆ. ರಜೆ ಸಿಕ್ಕಿದ್ದೇ ಮಕ್ಕಳಿಬ್ಬರೂ ಅಲ್ಲಿ ಅಜ್ಜಿಯ ಹತ್ತಿರವೇ. ನಿಖಿಲ, ನಿಧಿ. ಸಣ್ಣದು ಎಂದು ಕರೆಸಿಕೊಂಡವಳು ಈಗ ಅಣ್ಣನಿಗಿಂತ ಬೆರಳಷ್ಟು ಎತ್ತರ. ಅದನ್ನು ದಿನಕ್ಕೊಮ್ಮೆ ಬೆನ್ನಿಗೆ ಬೆನ್ನು ಹಚ್ಚಿ ಅವನಿಗೆ ನೆನಪಿಸುತ್ತಾಳೆ.

ನಾನು ಜಗುಲಿಯಲ್ಲಿ ಕಾಲು ಚಾಚಿ ಕೂರುವಷ್ಟರಲ್ಲಿ ಇಬ್ಬರೂ ಓಡಿ ಬಂದು ಮೈಮೇಲೆ ಬಿದ್ದರು. ಅಮ್ಮನ ಬಲಗಡೆ ನಾನು, ಅಲ್ಲ ನಾನು ಎಂದು ಶುರುವಾಯಿತು ಕಚ್ಚಾಟ. ನಿಧಿ ಗೆದ್ದಳು, ಬಲಕ್ಕೆ ಒರಗಿದಳು. ನಿಖಿಲ ಎಡಕ್ಕೆ ಬಂದು ಮುಖ ಊದಿಸಿದ. ಒಳಗಿನಿಂದ ಅತ್ತೆಯ ಗಂಟಲು ಕೇಳಿಸಿತು, ಹೊಳೆಯ ಆಚೆ ದಡಕ್ಕೆ ಕೇಳುವ ಅದೇ ಗಂಟಲು.

“ಎಂತದೇ ಅದು ಗಲಾಟೆ? ಸುಮಾ, ಹಿಸ್ಸೆ ಮಾಡಿ ಕೊಡೇ ಅವಕ್ಕೆ!”

“ಅದಲುಬದಲು!” ಎಂದು ನಾನು ಕೂಗಿದೆ. ಇಬ್ಬರೂ ನನ್ನ ಹೊಟ್ಟೆಯ ಮೇಲೆಯೇ ತುಳಿದು ದಾಟಿ ಬದಿ ಬದಲಾಯಿಸಿದರು, ತಲೆಗೆ ತಲೆ ಢಿಕ್ಕಿ ಹೊಡೆದು ನಕ್ಕರು. ಇಬ್ಬರ ಕೂದಲಲ್ಲೂ ನೀರುಳ್ಳಿಯ ವಾಸನೆ ಇತ್ತು.